ಗನ್ ನಿಲ್ಲಿಸಿ

ಮೇಲ್ವಿಚಾರಕ ರಮಾಕಾಂತ ಹಿಂದಿನಿಂದ ಬಂದು ಜೆನಿಟಾಳ ತಲೆಯ ಮೇಲಿದ್ದ ಹೆಡ್‌ಫೋನ್ ಕಿತ್ತುಕೊಂಡ. ಅದರ ಜೊತೆ ಅವಳ ಒಂದಿಷ್ಟು ಕೂದಲೂ ಬಂತು.

"ಏನ್ ಕೇಳಿಸ್ತು ನಿಂಗೆ?"

"ತಿಮಿಂಗಿಲ ಸಾರ್."

"ಗ್ಯಾರಂಟಿನಾ?"

"ಹೌದು ಸಾರ್. ನೀವೇ ಕೇಳಿ ನೋಡಿ."

ಅವನು ಕೇಳಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲೆ ಎಸೆದ.

"ಈ ವಾರ ಎಷ್ಟ್ ಸಲ ಹಡಗು ನಿಲ್ಸಿದೀಯ ಗೊತ್ತಾ? ಅಡಿಲೇಡಿಂದ ಡೈರೆಕ್ಟರ್ ಫೋನ್ ಮಾಡಿ ನನ್ನ ಜನ್ಮ ಜಾಲಾಡ್ಬಿಟ್ರು. ನೀನು ಮೀನು ಹಿಡಿಯೋರ ಮನೆಯವಳು ಕಣಮ್ಮ. ನಿಂಗೆ ಎಲ್ಲಿ ನೋಡಿದ್ರೂ ಮೀನೇ."

ಪಕ್ಕದ ಮೇಜುಗಳಲ್ಲಿದ್ದವರು ನಕ್ಕರು. ಅವರಿಗೆ ಕನ್ನಡ ಬರುವುದಿಲ್ಲ. ಅವನ ಮುಖ ನೋಡಿ ನಕ್ಕರು.

ಜೆನಿಟಾ ಹೆಡ್‌ಫೋನ್ ಎತ್ತಿ ಮತ್ತೆ ಹಾಕಿಕೊಂಡಳು. ಕಿವಿಯ ಹಿಂದೆ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಅಲ್ಲಿ ಉರಿಯಿತು.

ಆಸ್ಟ್ರೇಲಿಯಾದ ಪರ್ತ್‌ನ ವೆಲ್ಷ್‌ಪೂಲ್. ಸುತ್ತ ಗೋದಾಮುಗಳು, ಟ್ರಕ್ಕುಗಳು, ಫೋರ್ಕ್‌ಲಿಫ್ಟುಗಳು. ಅಂಥ ಒಂದು ಗೋದಾಮಿನ ಹಿಂದಿನ ಕೋಣೆ ಅವಳ ಆಫೀಸು. ಕಿಟಕಿಯಿಲ್ಲ. ಅಲ್ಲಿ ಕೂತು ಅವಳು ಭೂಮಿಯ ಆ ತುದಿಯ ಕಡಲನ್ನು ಕೇಳುತ್ತಿದ್ದಳು. ಆರ್ಕ್ಟಿಕ್ ಕಡಲು. ಅಲ್ಲಿ ಕಂಪನಿಯ ಹಡಗೊಂದು ನೀರಿನಡಿಯ ನೆಲದಲ್ಲಿ ಎಣ್ಣೆ ಹುಡುಕುತ್ತಿತ್ತು. ಹಡಗಿನ ಹಿಂದೆ ಸಾಲಾಗಿ ಗನ್‌ಗಳು. ಅವುಗಳಲ್ಲಿ ಗುಂಡಿಲ್ಲ, ಒತ್ತಿಟ್ಟ ಗಾಳಿ. ಒಮ್ಮೆಲೇ ಬಿಟ್ಟರೆ ಸಿಡಿಲು ಹೊಡೆದ ಹಾಗೆ. ಸದ್ದು ಸಮುದ್ರದ ನೆಲಕ್ಕೆ ಬಡಿದು ವಾಪಸು ಬರುತ್ತದೆ. ಅದರಿಂದ ಅಡಿಯಲ್ಲಿ ಏನಿದೆ ಅಂತ ತಿಳಿಯುತ್ತದೆ. ಉಸಿರೆಳೆದು ಬಿಡುವಷ್ಟರಲ್ಲಿ ಇನ್ನೊಂದು ಸಿಡಿಲು. ಬೆಳಗಿನಿಂದ ಸಂಜೆ. ಸಂಜೆಯಿಂದ ಬೆಳಗು.

ಆ ಕಡಲು ಖಾಲಿಯಲ್ಲ. ಅಲ್ಲಿ ತಿಮಿಂಗಿಲಗಳಿವೆ, ವಾಲ್ರಸ್‌ಗಳಿವೆ, ಸೀಲ್‌ಗಳಿವೆ. ಅವು ಬದುಕುವುದು ಕಿವಿಯಿಂದ. ದಾರಿ ಹುಡುಕುವುದು, ಜೊತೆ ಹುಡುಕುವುದು, ಮಂಜುಗಡ್ಡೆಯ ಅಡಿ ತಪ್ಪಿಹೋದ ಮರಿಯನ್ನು ಕೂಗಿ ಕರೆಯುವುದು, ಎಲ್ಲ ಕಿವಿಯಿಂದ. ಹಾಗಾಗಿ ಆ ದೇಶದ ಸರ್ಕಾರ ಷರತ್ತು ಹಾಕಿತ್ತು. ಪ್ರಾಣಿ ಹತ್ತಿರ ಬಂದರೆ ಗನ್ ನಿಲ್ಲಿಸಬೇಕು. ಅದು ದೂರ ಹೋಗುವ ತನಕ ಕಾಯಬೇಕು. ಮತ್ತೆ ಶುರು ಮಾಡುವಾಗ ಸಣ್ಣ ಸದ್ದಿನಿಂದ ಶುರು ಮಾಡಬೇಕು. ಹಡಗಿನ ಮೇಲೆ ಕಣ್ಣಿಟ್ಟು ನೋಡುವವರಿರಬೇಕು. ಕತ್ತಲಿದ್ದರೆ, ಮಂಜಿದ್ದರೆ, ನೀರಿನಡಿಯ ಮೈಕಿನಿಂದ ಕೇಳುವವರಿರಬೇಕು.

ಆ ಕೇಳುವವರನ್ನು ಕಂಪನಿ ಹಡಗಿಗೆ ಕಳಿಸಲಿಲ್ಲ. ಪರ್ತ್‌ನಲ್ಲಿ ಕೂರಿಸಿತು. ಸ್ಯಾಟಲೈಟಿನಿಂದ ಸದ್ದು ಇಲ್ಲಿಗೆ ಬರುತ್ತಿತ್ತು. ಅಲ್ಲಿ ಕತ್ತಲಾದಾಗ ಇಲ್ಲಿ ಹಗಲು. ಜೆನಿಟಾ ತಿಮಿಂಗಿಲದ ದನಿ ಕೇಳಿದ ತಕ್ಷಣ ಮೈಕ್ ಒತ್ತಿ "ಗನ್ ನಿಲ್ಲಿಸಿ" ಅನ್ನಬೇಕು. ಅವಳು ಅಂದರೆ ಹಡಗು ನಿಲ್ಲಿಸಬೇಕು. ನಿಯಮ ಅಷ್ಟೇ.

ಆದರೆ ತಿಮಿಂಗಿಲದ ದನಿ ಕೇಳಬೇಕಾದರೆ ಗನ್ನಿನ ಸದ್ದನ್ನೂ ಕೇಳಬೇಕು. ಹಗಲೆಲ್ಲ ಅದು ಅವಳ ಕಿವಿಗೆ ಬಡಿಯುತ್ತಿತ್ತು. ಮಧ್ಯೆ ಎದ್ದು ಟಾಯ್ಲೆಟ್ಟಿಗೆ ಹೋಗಬೇಕಾದರೂ ರಮಾಕಾಂತನನ್ನು ಕೇಳಬೇಕು. ಕುತ್ತಿಗೆ ಮರಗಟ್ಟುತ್ತಿತ್ತು. ಮನೆಗೆ ಹೋದ ಮೇಲೂ ನಲ್ಲಿ ತೊಟ್ಟಿಕ್ಕಿದರೆ ಬೆಚ್ಚಿಬೀಳುತ್ತಿದ್ದಳು.

ಮನೆ ಫ್ರೀಮ್ಯಾಂಟಲ್ ಹತ್ತಿರ. ಎರಡು ಕೋಣೆಯ ಬಾಡಿಗೆ ಯುನಿಟ್. ಅಲ್ಲಿ ಅವಳು ಮತ್ತು ಅವಳ ಅಪ್ಪ ಪ್ಲಾಸಿಡ್.

ಪ್ಲಾಸಿಡ್‌ಗೆ ಕಿವಿ ಕೇಳಿಸುವುದಿಲ್ಲ. ಹುಟ್ಟಿನಿಂದಲ್ಲ. ಹೊನ್ನಾವರದ ಕಡೆಯ ಮೀನುಗಾರ, ದೋಣಿ ಬಿಟ್ಟು ಗಲ್ಫಿಗೆ ಹೋದ. ಹಡಗು ರಿಪೇರಿ ಮಾಡುವ ಯಾರ್ಡು. ಹಡಗಿನ ಹೊಟ್ಟೆಯೊಳಗೆ ಇಳಿದು ಒತ್ತಿಟ್ಟ ಗಾಳಿಯಿಂದ ಬಡಿಯುವ ಗಾಳಿ ಸುತ್ತಿಗೆ ಹಿಡಿದು ತುಕ್ಕು ಕೆರೆಯುವ ಕೆಲಸ. ಸುತ್ತ ಕಬ್ಬಿಣ, ಮೇಲೆ ಕಬ್ಬಿಣ, ಕೈಯಲ್ಲಿ ಕಬ್ಬಿಣ. ಕಿವಿಗೆ ಇಟ್ಟುಕೊಳ್ಳಲು ಹತ್ತಿ ಕೇಳಿದ. ಕೊಡಲಿಲ್ಲ. ಬನಿಯನ್ ಹರಿದು ತುರುಕಿಕೊಂಡ. ಮೊದಲು ಹಕ್ಕಿಗಳ ದನಿ ಹೋಯಿತು. ಆಮೇಲೆ ಹೆಂಡತಿಯ ದನಿ ಹೋಯಿತು. ರಜೆಗೆ ಊರಿಗೆ ಬಂದವನು ಇಗರ್ಜಿಯ ಗಂಟೆ ಯಾಕೆ ಹೊಡೆಯುತ್ತಿಲ್ಲ ಅಂತ ಕೇಳಿದ. ಗಂಟೆ ಹೊಡೆಯುತ್ತಲೇ ಇತ್ತು.

ಅವನ ಆ ದುಡಿಮೆಯಿಂದ ಜೆನಿಟಾ ಓದಿದಳು. ಬ್ರಿಸ್ಬೇನಿಗೆ ಬಂದಳು. ಅಲ್ಲಿಯ ಸೇಂಟ್ ಲೂಸಿಯಾ ಬಡಾವಣೆಯ ಯೂನಿವರ್ಸಿಟಿಯಲ್ಲಿ ಕಡಲ ಪ್ರಾಣಿಗಳ ದನಿ ಓದಿದಳು. ಹಗಲು ಅದೇ ಕ್ಯಾಂಪಸ್ಸಿನಲ್ಲಿ ಪಾಠ, ಸಂಜೆ ಅದೇ ಕ್ಯಾಂಪಸ್ಸಿನ ಟಾಯ್ಲೆಟ್ ತೊಳೆಯುವುದು. ಪರ್ತ್‌ನಲ್ಲಿ ಈ ಕೆಲಸ ಸಿಕ್ಕಿತು. ಅಮ್ಮ ತೀರಿಹೋಗಿದ್ದಳು, ಅಪ್ಪನನ್ನು ಜೊತೆಗೆ ಕರೆಸಿಕೊಂಡಳು. ವೀಸಾ ಕಂಪನಿಯ ಕೈಯಲ್ಲಿ. ಕೆಲಸ ಹೋದರೆ ವೀಸಾ ಹೋಯಿತು.

ಕೆಲಸದ ನಿಯಮ ಮೊದಲ ಸಲ ಓದಿದ ದಿನ ಅವಳು ಅಪ್ಪನಿಗೆ ಹೇಳಿದ್ದಳು. ಬಾಯಿ ಅಗಲಿಸಿ, ಕೈ ಮಾಡಿ, ನಿಧಾನವಾಗಿ.

"ತಿಮಿಂಗಿಲಕ್ಕೆ ಕಿವಿ ನೋವಾಗ್ತದೆ ಅಂತ ಕೆಲಸ ನಿಲ್ಲಿಸ್ತಾರೆ, ಪಪ್ಪಾ."

ಪ್ಲಾಸಿಡ್ ಅವಳ ತುಟಿಯನ್ನೇ ನೋಡುತ್ತಿದ್ದ. ತಪ್ಪು ಓದಿದೆ ಅಂದುಕೊಂಡು ಮತ್ತೆ ಹೇಳಿಸಿದ. ಆಮೇಲೆ ಜೋರಾಗಿ, ಕಿವುಡರು ಮಾತಾಡುವ ಹಾಗೆ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಅಂದ:

"ನನಗೋಸ್ಕರ ಯಾರೂ ನಿಲ್ಲಿಸಲಿಲ್ಲ, ಬಾಯೆ!"

ಆವತ್ತು ಅವಳಿಗೆ ತಿಮಿಂಗಿಲದ ಮೇಲೂ ಸಿಟ್ಟು ಬಂತು. ಬರಬಾರದಿತ್ತು. ಬಂತು. ನನ್ನಪ್ಪನ ಕಿವಿಗಿಂತ ಇದರ ಕಿವಿ ಹೆಚ್ಚಾಯಿತೇ? ಬಹಳ ದಿನ ಈ ಸಿಟ್ಟು ಹೊತ್ತುಕೊಂಡೇ ಕೆಲಸಕ್ಕೆ ಹೋದಳು. ಆಮೇಲೆ ಗೊತ್ತಾಯಿತು, ಆ ನಿಯಮವೂ ಕಾಗದದ ಮೇಲೆ ಮಾತ್ರ. ಅಪ್ಪನಿಗೆ ನಿಯಮವೇ ಇರಲಿಲ್ಲ. ಇವಕ್ಕೆ ಇದ್ದರೂ ಇಲ್ಲ. ಸಿಟ್ಟು ಜಾಗ ಬದಲಾಯಿಸಿತು.

ರಮಾಕಾಂತ ಮೈಸೂರಿನವನು. ಎಂಜಿನಿಯರ್. ಪರ್ತ್‌ನ ಕನ್ನಡ ಕೂಟದಲ್ಲಿ ಮುಂದಿನ ಸಾಲಿನವನು. ಜೆನಿಟಾ ಕೆಲಸಕ್ಕೆ ಸೇರಿದ ಹೊಸತರಲ್ಲಿ "ನಮ್ಮ ಕಡೆಯೋಳು" ಅಂತ ಎಲ್ಲರಿಗೂ ಪರಿಚಯ ಮಾಡಿಕೊಟ್ಟಿದ್ದ. ಕೂಟದ ಯುಗಾದಿ ಊಟಕ್ಕೂ ಕರೆದ. ಒಬ್ಬೊಬ್ಬರು ಒಂದೊಂದು ಅಡುಗೆ ತರಬೇಕು. ಅವಳು ನೀರುದೋಸೆ, ಕಾಯಿ ಚಟ್ನಿ ಮಾಡಿಕೊಂಡು ಹೋದಳು. ಅವನ ಹೆಂಡತಿ ಜಯಲಕ್ಷ್ಮಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ಮನೇಲಿ ಮೀನು ಮಾಡೋ ಪಾತ್ರೇನೂ ಇದೂ ಒಂದೇನಾ?"

"ತೊಳೆದದ್ದು ಉಂಟು, ಅಕ್ಕ."

"ಅಲ್ಲ, ಬೇಜಾರ್ ಮಾಡ್ಕೋಬೇಡಿ. ಹಿರಿಯರಿದಾರೆ, ಅದಕ್ಕೆ."

ಡಬ್ಬಿ ಗೋಡೆಯ ಪಕ್ಕದ ಸಣ್ಣ ಮೇಜಿಗೆ ಹೋಯಿತು. ಆ ಮೇಜಿನ ಮೇಲೆ ಕಸದ ಚೀಲಗಳಿದ್ದವು. ರಮಾಕಾಂತ ಅಲ್ಲೇ ನಿಂತಿದ್ದ. ನೋಡಿದ. ಪಾಯಸ ಹಾಕಿಸಿಕೊಂಡ. ಜೆನಿಟಾಳಿಗೆ ಇದು ಹೊಸದಲ್ಲ. ಊರಿನ ಇಗರ್ಜಿಯಲ್ಲೂ ದೊಡ್ಡ ಮನೆತನದವರ ಬೆಂಚು ಮುಂದೆ, ಬಲೆ ಎಳೆಯುವವರದು ಹಿಂದೆ. ಅವಳು ಡಬ್ಬಿ ಎತ್ತಿಕೊಂಡು ಬಸ್ ಹತ್ತಿದಳು. ಮನೆಯಲ್ಲಿ ಅಪ್ಪ ಮಗಳು ಅಷ್ಟೂ ದೋಸೆ ತಿಂದರು. ಮೀನು ಸಾರಿನ ಜೊತೆ ತಿಂದರು.

ಹಡಗಿನಲ್ಲಿ ಅವಳಿಗೆ ಒಬ್ಬಳೇ ಗೆಳತಿ. ನೂಕಾ. ಆ ಕಡಲ ದಡದ ಹಳ್ಳಿಯವಳು. ಅವಳ ಅಣ್ಣತಮ್ಮಂದಿರು ಸೀಲ್ ಬೇಟೆಯವರು. ಸ್ಥಳೀಯರೊಬ್ಬರು ಹಡಗಿನ ಮೇಲಿದ್ದು ಪ್ರಾಣಿಗಳನ್ನು ನೋಡಬೇಕು ಅನ್ನುವುದೂ ಷರತ್ತು. ಹಾಗಾಗಿ ಅವಳನ್ನು ಹತ್ತಿಸಿಕೊಂಡಿದ್ದರು. ಹತ್ತಿಸಿಕೊಂಡು, ಹೊಗೆ ಕೊಳವೆಯ ಪಕ್ಕ, ಏನೂ ಕಾಣದ ಜಾಗದಲ್ಲಿ ನಿಲ್ಲಿಸಿದ್ದರು. ಊಟಕ್ಕೆ ಅವಳು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. "ನನ್ನ ಮೈ ಸೀಲ್ ಎಣ್ಣೆಯ ವಾಸನೆಯಂತೆ," ಅಂತ ಅವಳು ಒಮ್ಮೆ ಹಡಗಿನ ವೈಫೈಯಿಂದ ಜೆನಿಟಾಳಿಗೆ ಫೋನ್ ಮಾಡಿ ಹೇಳಿದ್ದಳು. "ನನ್ನದು ಮೀನು," ಅಂದಿದ್ದಳು ಜೆನಿಟಾ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಬಹಳ ಹೊತ್ತು ನಕ್ಕಿದ್ದರು.

ಚಳಿಗಾಲ ಹತ್ತಿರ ಬಂತು. ಹಿಮ ಕಟ್ಟುವುದರೊಳಗೆ ಹಡಗು ಕೆಲಸ ಮುಗಿಸಬೇಕು. ಅದೇ ಹೊತ್ತಿಗೆ ತಿಮಿಂಗಿಲಗಳೂ ಮರಿಗಳನ್ನು ಕರೆದುಕೊಂಡು ಆ ದಾರಿಯಲ್ಲಿ ಹೊರಟಿದ್ದವು. ರಮಾಕಾಂತ ಜೆನಿಟಾಳನ್ನು ಕರೆದು ಬಾಗಿಲು ಹಾಕಿದ.

"ನೋಡು, ಇನ್ಮೇಲೆ 'ನಿಲ್ಲಿಸಿ' ಅನ್ನೋಕೆ ಮುಂಚೆ ನನ್ನ ಕೇಳು. ನಾನು ಹೇಳಿದ್ರೆ ಹೇಳು. ಇಲ್ಲಾಂದ್ರೆ 'ಸ್ಪಷ್ಟವಾಗಿಲ್ಲ' ಅನ್ನು. ಅಷ್ಟೇ. ಸುಳ್ಳೇನಲ್ಲ ಅದು. ಸಮುದ್ರದಲ್ಲಿ ಯಾವುದು ಸ್ಪಷ್ಟ ಇರುತ್ತೆ?"

"ಮೈಕ್ ಒತ್ತುವುದು ನನ್ನ ಕೆಲಸ ಸಾರ್. ಕೇಳಿ ಒತ್ತಬೇಕು ಅಂತ ಇಲ್ಲ."

"ನಿನ್ನ ವೀಸಾ ರಿನ್ಯೂ ಮುಂದಿನ ತಿಂಗಳು ಅಲ್ವಾ?"

ಅವಳು ಬಾಗಿಲ ಕಡೆ ತಿರುಗಿದಳು.

"ಅಪ್ಪ ಬೇರೆ ಇದಾರೆ ಜೊತೆಗೆ. ಕಿವಿ ಕೇಳಲ್ಲ ಪಾಪ. ಯೋಚ್ನೆ ಮಾಡು," ಅಂದ. ತುಂಬಾ ಮೆಲ್ಲಗೆ ಅಂದ.

ಅದಾಗಿ ಎರಡೇ ದಿನ.

ಬೆಳಿಗ್ಗೆ ಜೆನಿಟಾ ಕೂತಾಗಲೇ ನೂಕಾ ಹಡಗಿನಿಂದ ಹೇಳಿದಳು, ಕತ್ತಲ ಮೇಲೆ ದಟ್ಟ ಮಂಜು, ದೀಪ ಹಿಡಿದರೂ ತನ್ನ ಕೈ ತನಗೇ ಕಾಣುತ್ತಿಲ್ಲ. ಅಂದರೆ ಇವತ್ತು ಕಣ್ಣಿಲ್ಲ. ಇರುವುದು ಜೆನಿಟಾಳ ಕಿವಿ ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಗನ್ನಿನ ಎರಡು ಸಿಡಿಲುಗಳ ನಡುವೆ ಅವಳಿಗೆ ಒಂದು ದನಿ ಕೇಳಿತು. ದಪ್ಪ, ಉದ್ದ, ಕೆಳಗಿನಿಂದ ಏಳುವ ದನಿ. ತಾಯಿ ತಿಮಿಂಗಿಲ. ಸಿಡಿಲು. ಮತ್ತೆ ಅದೇ ದನಿ, ಈಗ ಹತ್ತಿರ. ಸಿಡಿಲು. ಆಮೇಲೆ ಸಣ್ಣದೊಂದು ದನಿ. ಒಡೆದ, ಗೊಗ್ಗರು ದನಿ. ಮರಿ. ತಾಯಿ ಹಡಗಿನ ಒಂದು ಪಕ್ಕ, ಮರಿ ಇನ್ನೊಂದು ಪಕ್ಕ. ನಡುವೆ ಗನ್‌ಗಳ ಸಾಲು. ತಾಯಿ ಕೂಗುತ್ತಿತ್ತು. ಮರಿ ಉತ್ತರ ಕೊಡುವಷ್ಟರಲ್ಲಿ ಸಿಡಿಲು. ತಾಯಿ ಮತ್ತೆ ಕೂಗುತ್ತಿತ್ತು.

ಜೆನಿಟಾ ಯಾರನ್ನೂ ಕೇಳಲಿಲ್ಲ. ಮೈಕ್ ಒತ್ತಿದಳು.

"ಗನ್ ನಿಲ್ಲಿಸಿ. ತಾಯಿ, ಮರಿ. ಹಡಗಿನ ಎರಡು ಕಡೆ. ಕೂಡಲೇ ನಿಲ್ಲಿಸಿ."

ಹಡಗಿನಿಂದ ಉತ್ತರವಿಲ್ಲ. ಸಿಡಿಲು.

"ಗನ್ ನಿಲ್ಲಿಸಿ!"

ಸಿಡಿಲು.

ಹಡಗಿನ ಕ್ಯಾಪ್ಟನ್ ಲೈನಿಗೆ ಬಂದ. ಅವಳೊಡನೆ ಮಾತಾಡಲಿಲ್ಲ. "ಪರ್ತ್ ಮೇಲ್ವಿಚಾರಕರು ಇದನ್ನು ಖಚಿತಪಡಿಸಬೇಕು," ಅಂದ. ರಮಾಕಾಂತ ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಬಂದಿದ್ದ. ಈ ಸಲ ಅವನು ಇನ್ನೊಂದು ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡ. ಕೇಳಿದ. ಅವನ ಮುಖ ಜೆನಿಟಾ ನೋಡುತ್ತಿದ್ದಳು. ಮರಿಯ ದನಿ ಬಂದಾಗ ಅವನ ಹುಬ್ಬು ಮೇಲೆ ಹೋಯಿತು. ಅವನಿಗೂ ಗೊತ್ತಾಯಿತು. ಗೊತ್ತಾಯಿತು ಅಂತ ಅವಳಿಗೂ ಗೊತ್ತಾಯಿತು.

ಅವನು ಹೆಡ್‌ಫೋನ್ ತೆಗೆದ.

"ಸ್ಪಷ್ಟವಾಗಿಲ್ಲ ಅಂತ ಹೇಳು."

"ಹೇಳುದಿಲ್ಲ."

"ಜೆನಿಟಾ, ಹೇಳು."

"ನೀವು ಕೇಳಿದ್ರಿ. ನಾನು ನೋಡಿದೆ. ಎಂತ ಕೇಳಿತು, ಹೇಳಿ."

"ಬಾಯ್ಮುಚ್ಕೊಂಡು ಹೇಳಿದ್ ಹೇಳು! ಯಾರ್ ನೀನು? ಎಲ್ಲಿಂದ ಬಂದೋಳು ಅಂತ ನೆನಪಿದ್ಯಾ?"

ಅವಳು ಹೆಡ್‌ಫೋನ್ ತೆಗೆದಿಟ್ಟು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ನೆನಪುಂಟು. ಬಲೆ ಎಳೆಯುವವರ ಮನೆಯಿಂದ ಬಂದವಳು. ಮರಿ ಸಿಕ್ಕಿದ್ರೆ ಬಲೆ ಬಿಚ್ಚಿ ಬಿಡುವವರು ನಾವು. ನಾನು ಹೇಳುದಿಲ್ಲ. ನಿಮ್ಮ ಬಾಯಿ ಉಂಟಲ್ಲ, ನೀವೇ ಹೇಳಿ."

ಅವನು ಕೈ ಚಾಚಿ ಅವಳ ಮೈಕಿನ ವೈರ್ ಎಳೆದ. ಮೈಕಿನ ದೀಪ ಆರಿತು. ತನ್ನ ಮೈಕಿಗೆ ಬಾಗಿ ಹೇಳಿದ: "ಸ್ಪಷ್ಟವಾಗಿಲ್ಲ. ಮುಂದುವರಿಸಿ."

ಸಿಡಿಲು.

ಜೆನಿಟಾ ಬ್ಯಾಗಿನಿಂದ ತನ್ನ ಫೋನ್ ತೆಗೆದಳು. ನೂಕಾಳಿಗೆ ಕರೆ ಮಾಡಿದಳು. ರಮಾಕಾಂತ ಫೋನಿಗೆ ಕೈ ಹಾಕಿದ. ಅವಳು ಮೊಣಕೈಯಿಂದ ಅವನನ್ನು ತಳ್ಳಿದಳು. ಜೋರಾಗಿಯೇ ತಳ್ಳಿದಳು.

"ನೂಕಾ, ತಾಯಿ ಮರಿ ಉಂಟು. ಇವರು ನಿಲ್ಲಿಸ್ತಾ ಇಲ್ಲ. ನನ್ನ ಮೈಕ್ ಕಿತ್ತಿದ್ದಾರೆ."

ಆ ಕಡೆ ನೂಕಾ ಓಡಿದಳು. ಜೆನಿಟಾಳಿಗೆ ಬೂಟಿನ ಸದ್ದು ಕೇಳಿತು. ಕಬ್ಬಿಣದ ಮೆಟ್ಟಿಲು. ಬಾಗಿಲು. ಗಂಡಸರ ಬೈಗುಳ. ಆಮೇಲೆ ನೂಕಾಳ ಏದುಸಿರು: "ಈಗ ಮಾತಾಡು. ಎಲ್ಲರಿಗೂ ಕೇಳುತ್ತದೆ."

ನೂಕಾ ಕ್ಯಾಪ್ಟನ್ನನ ಕೋಣೆಗೆ ನುಗ್ಗಿ ಹಡಗಿನ ತುರ್ತು ರೇಡಿಯೋ ಎತ್ತಿಕೊಂಡಿದ್ದಳು. ಅಪಾಯದಲ್ಲಿ ಕರೆಯುವ ರೇಡಿಯೋ. ಆ ಕಡಲಿನ ಪ್ರತಿ ದೋಣಿಯೂ, ದಡದ ಕಾವಲಿನವರೂ ಕಿವಿಗೊಡುವ ರೇಡಿಯೋ. ಅದರ ಬಾಯಿಗೆ ತನ್ನ ಫೋನ್ ಹಿಡಿದಿದ್ದಳು.

ಜೆನಿಟಾ ಕೂಗಿದಳು. ಅಪ್ಪನ ಹಾಗೆ ಕೂಗಿದಳು.

"ಗನ್ ನಿಲ್ಲಿಸಿ! ಹಡಗಿನ ಪಕ್ಕದಲ್ಲಿ ತಾಯಿ ತಿಮಿಂಗಿಲ ಇದೆ, ಮರಿ ಇದೆ. ನಾನು ಪರ್ತ್‌ನಿಂದ ಕೇಳುತ್ತಿದ್ದೇನೆ. ಇವರಿಗೂ ಕೇಳಿದೆ. ಕೇಳಿಯೂ ಹೊಡೆಯುತ್ತಿದ್ದಾರೆ. ಗನ್ ನಿಲ್ಲಿಸಿ!"

ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಇನ್ನೊಂದು ಸಿಡಿಲು ಸಣ್ಣಗೆ ಕೇಳಿತು. ಫೋನಿನಲ್ಲಿ ಯಾರೋ ನೂಕಾಳ ಭಾಷೆಯಲ್ಲಿ ರೇಡಿಯೋಗೆ ಉತ್ತರ ಕೊಟ್ಟರು. ಮತ್ತೊಬ್ಬರು. ಮತ್ತೊಬ್ಬರು. ದೋಣಿಗಳವರು. ಆಮೇಲೆ ದಡದ ಕಾವಲಿನವರ ಗಡಸು ದನಿ ಹಡಗಿನ ಹೆಸರು ಹಿಡಿದು ಕರೆಯಿತು.

ಮುಂದಿನ ಸಿಡಿಲು ಬರಲಿಲ್ಲ.

ಜೆನಿಟಾ ಹೆಡ್‌ಫೋನ್ ಹಾಕಿಕೊಂಡಳು. ನೀರು. ಹಡಗಿನ ಎಂಜಿನ್. ಬಹಳ ಹೊತ್ತು ಬೇರೇನೂ ಇಲ್ಲ. ಆಮೇಲೆ ತಾಯಿ ಕೂಗಿತು. ಮರಿ ಉತ್ತರ ಕೊಟ್ಟಿತು, ಪೂರ್ತಿ ಉತ್ತರ. ಎರಡೂ ದನಿ ಹತ್ತಿರ ಹತ್ತಿರ ಬಂದವು. ಆಮೇಲೆ ಒಟ್ಟಿಗೇ ದೂರ ಹೋದವು.

ಸೆಕ್ಯೂರಿಟಿಯವನು ಬಂದು ಅವಳ ತೋಳು ಹಿಡಿದ. "ಕೈ ತೆಗೆ," ಅಂದಳು. ತಾನೇ ನಡೆದು ಹೊರಗೆ ಹೋದಳು. ಬೀದಿಯ ಮೂಲೆಯ ಪೆಟ್ರೋಲ್ ಬಂಕಿನಲ್ಲಿ, ಅಲ್ಲಿಯವರು ಸರ್ವೋ ಅನ್ನುವಲ್ಲಿ, ಒಂದು ಕಾಫಿ ತೆಗೆದುಕೊಂಡಳು. ಪೆಟ್ರೋಲ್ ಹಾಕಿಸಿಕೊಳ್ಳುವ ಟ್ರಕ್ಕುಗಳ ನಡುವೆ ನಿಂತು ಅತ್ತಳು. ಕಾಫಿ ಕುಡಿದಳು. ಬಸ್ ಹತ್ತಿದಳು.

ಮನೆಯಲ್ಲಿ ಅಪ್ಪನಿಗೆ ಕೈ ಮಾಡಿ ಹೇಳಿದಳು: ಕೆಲಸ ಹೋಯಿತು.

"ಯಾಕೆ?"

"ನಿಲ್ಲಿಸಿದೆ, ಪಪ್ಪಾ."

ಪ್ಲಾಸಿಡ್ ಅವಳ ಮುಖವನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. ಗಾಳಿ ಸುತ್ತಿಗೆ ಹಿಡಿದು ಹಿಡಿದು ಆ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಆಮೇಲೆ ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟ.

ಮರುವಾರ ಅವಳು ವೆಲ್ಷ್‌ಪೂಲಿನದೇ ಇನ್ನೊಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದಳು. ವೀಸಾ ಇನ್ನೆಷ್ಟು ದಿನವೋ ಅಷ್ಟು ದಿನ. ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಕಿವಿ ತಣ್ಣಗಿತ್ತು.

ಹಡಗಿಗೆ ಪರವಾನಗಿ ಕೊಟ್ಟ ಸರ್ಕಾರ ವಿಚಾರಣೆ ಇಟ್ಟಿತು. ಜೆನಿಟಾಳನ್ನು ಸಾಕ್ಷಿಯಾಗಿ ಕರೆಯಿತು. ಕಂಪನಿಯ ಮುಖ್ಯ ಕಚೇರಿ ಅಡಿಲೇಡಿನಲ್ಲಿ. ಅಲ್ಲೇ ಒಂದು ದೊಡ್ಡ ಕೋಣೆ. ಗೋಡೆಯ ಪರದೆಯ ಮೇಲೆ ಆ ದೇಶದ ಅಧಿಕಾರಿ, ನರೆಗೂದಲ ಹೆಂಗಸು. ಅವಳ ಪಕ್ಕದಲ್ಲಿ ನೂಕಾ. ಜೆನಿಟಾ ಮೊದಲ ಸಲ ಅವಳ ಮುಖ ನೋಡಿದಳು. ಇತ್ತ ಡೈರೆಕ್ಟರ್, ವಕೀಲರು, ರಮಾಕಾಂತ.

ವಕೀಲ ಎದ್ದ. "ಮಂಜಿತ್ತು. ಯಾರೂ ಪ್ರಾಣಿಯನ್ನು ಕಂಡಿಲ್ಲ. ಜೆನಿಟಾ ಅವರಿಗೆ ಕೆಲಸದ ಒತ್ತಡವಿತ್ತು. ಮೇಲಧಿಕಾರಿಯ ಮೇಲೆ ಸಿಟ್ಟಿತ್ತು. ಒಂದು ಸದ್ದು ಕೇಳಿರಬಹುದು. ಆ ಸದ್ದಿನಿಂದ ಯಾವ ಪ್ರಾಣಿಗೆ ಏನು ತೊಂದರೆಯಾಯಿತು?"

"ಧ್ವನಿ ಹಾಕಿ," ಅಂದಳು ಜೆನಿಟಾ. "ಆ ದಿನದ ಧ್ವನಿ ನಿಮ್ಮ ಹತ್ತಿರ ಇದೆ. ಹಾಕಿ. ಸಣ್ಣದಾಗಿ ಅಲ್ಲ. ಈ ಸ್ಪೀಕರ್ ಎಷ್ಟು ಕೂಗಬಲ್ಲುದೋ ಅಷ್ಟು."

ಡೈರೆಕ್ಟರ್ ಬೇಡ ಅಂದ. ಪರದೆಯ ಮೇಲಿನ ಅಧಿಕಾರಿ ಹಾಕಿ ಅಂದಳು.

ಹಾಕಿದರು. ತಾಯಿಯ ದನಿ ಕೋಣೆ ತುಂಬಿತು. ಸಿಡಿಲು ಬಡಿಯಿತು. ನೀರಿನ ಲೋಟಗಳು ಮೇಜಿನ ಮೇಲೆ ನಡುಗಿದವು. ಮರಿಯ ದನಿ. ಸಿಡಿಲು. ಡೈರೆಕ್ಟರ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ವಕೀಲ ಮುಚ್ಚಿಕೊಂಡ. ರಮಾಕಾಂತ ಎದ್ದು ಸ್ಪೀಕರ್ ಕಡೆ ಓಡಿದ, ಸಣ್ಣದು ಮಾಡಲು. ಜೆನಿಟಾ ಅಡ್ಡ ನಿಂತಳು.

"ಕೂತ್ಕೊಳ್ಳಿ!" ಅಂದಳು, ಕನ್ನಡದಲ್ಲೇ. ಆಮೇಲೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ, ಸಿಡಿಲಿನ ಮೇಲೆ ದನಿ ಎತ್ತಿ ಹೇಳಿದಳು:

"ನಿಮಗೆ ಕಿವಿ ಮುಚ್ಚಿಕೊಳ್ಳಲು ಕೈಗಳಿವೆ. ಅವಕ್ಕೆ ಕೈಗಳಿಲ್ಲ. ಕೈ ತೆಗೆಯಿರಿ. ಕೇಳಿ."

ಯಾರೂ ತೆಗೆಯಲಿಲ್ಲ. ಪರದೆಯ ಮೇಲಿನ ಅಧಿಕಾರಿ ಮಾತ್ರ ಕೊನೆಯ ತನಕ ಅಲುಗಾಡದೆ ಕೇಳಿದಳು. ಧ್ವನಿ ನಿಂತ ಮೇಲೆ ರಮಾಕಾಂತನನ್ನು ಕೇಳಿದಳು: "ಆ ದಿನ ನಿಮಗೂ ಇದು ಕೇಳಿಸಿತೇ?"

ಅವನು ಡೈರೆಕ್ಟರನ ಕಡೆ ನೋಡಿದ. ಡೈರೆಕ್ಟರ್ ಕಾಗದ ನೋಡುತ್ತಿದ್ದ.

"ಹೇಳಿ ಸಾರ್," ಅಂದಳು ಜೆನಿಟಾ.

ಅವನು ಹೇಳಲಿಲ್ಲ. ಅಧಿಕಾರಿ ಕಾದಳು. ಕಾದು ಸಾಕಾಗಿ, ಹಡಗು ಬಂದರಿಗೆ ವಾಪಸಾಗಬೇಕು ಅಂದಳು. ಪೂರ್ತಿ ತೀರ್ಪು ಬರುವ ತನಕ ಆ ಕಡಲಿಗೆ ಅದು ಇಳಿಯಕೂಡದು. ಪರದೆಯ ಮೇಲೆ ನೂಕಾ ಮುಷ್ಟಿ ಎತ್ತಿದಳು. ಜೆನಿಟಾಳೂ ಎತ್ತಿದಳು.

ಹೊರಗೆ ಲಿಫ್ಟಿನ ಮುಂದೆ ರಮಾಕಾಂತ ಅವಳನ್ನು ಅಡ್ಡಗಟ್ಟಿದ. ಟೈ ಸಡಿಲಾಗಿತ್ತು. ಮುಖ ಕೆಂಪಾಗಿತ್ತು.

"ಏನ್ ಸಿಕ್ತು ನಿಂಗೆ? ಕೆಲ್ಸ ಹೋಯ್ತು. ವೀಸಾ ಹೋಗುತ್ತೆ. ಬೇರೆ ಕಂಪ್ನಿಯ ಹಡಗು ಬರುತ್ತೆ ನಾಳೆ. ಏನ್ ಸಾಧಿಸ್ದೆ ನೀನು?"

"ಆ ಹಡಗು ಬಂದ್ರೆ ಅದರಲ್ಲೂ ಒಬ್ಬಳು ಕೇಳುವವಳು ಇರ್ತಾಳೆ. ಅವಳಿಗೆ ಇವತ್ತಿನದು ಗೊತ್ತಾಗ್ತದೆ. ನೂಕಾ ಹೇಳ್ತಾಳೆ. ನಾನೂ ಹೇಳ್ತೇನೆ."

"ನಿಂಗೆ ಏನ್ ಸಿಕ್ತು ಅಂತ ಕೇಳ್ದೆ."

ಲಿಫ್ಟಿನ ಬಾಗಿಲು ತೆರೆಯಿತು. ಅವನು ಅಡ್ಡ ನಿಂತೇ ಇದ್ದ.

"ಎಂತದೂ ಸಿಗ್ಲಿಲ್ಲ," ಅಂದಳು ಜೆನಿಟಾ. "ನಿಮ್ಮ ಹಡಗು ನಿಂತಿದೆ. ಈಗ ನೀವು ದಾರಿ ಬಿಡಿ."

ಅವನು ಬಿಟ್ಟ.